ಹೊಳೆಯನ್ನು ತೊಳೆದವನು

“ಬುದ್ಧಿ, ಯಾರ ಕೆಲಸಕ್ಕೂ ಬಾರದವರನ್ನು ಮಠ ಏಕೆ ಇಟ್ಟುಕೊಂಡಿರಬೇಕು?” ಎಂದು ಶಂಭುಲಿಂಗ ಗುರುಗಳನ್ನು ಕೇಳಿದ.

ಮಠದ ಉಸ್ತುವಾರಿ ಅವನ ಕೈಗೆ ಬಂದು ಆರು ತಿಂಗಳಾಗಿತ್ತು. ಒಳ್ಳೆಯ ಶಿಷ್ಯ; ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವನು. ಈ ಆರು ತಿಂಗಳಲ್ಲಿ ಅವನು ಗೋಡೆಗಳಿಗೆ ಸುಣ್ಣ ಬಳಿಸಿದ್ದ, ಬಾವಿಯ ಹೂಳು ತೆಗೆಸಿದ್ದ, ಅಡುಗೆಮನೆಯ ಹಂಚು ಬದಲಾಯಿಸಿದ್ದ. ಉಳಿದದ್ದು ಮುಂದಿನ ಜಗಲಿ. ಅಲ್ಲಿ ಐವರು ಮುದುಕರು ಮಲಗಿರುತ್ತಿದ್ದರು. ಯಾವಾಗಲೋ ಬಂದವರು, ಹೋಗದೆ ಉಳಿದವರು. ದಾಸೋಹದಲ್ಲಿ ಉಣ್ಣುವರು, ಕೆಮ್ಮುವರು, ಮತ್ತೆ ಮಲಗುವರು. ಪೂಜೆಗೆ ಏಳರು, ಪೊರಕೆ ಹಿಡಿಯರು. ಅವರನ್ನು ಪಟ್ಟಣದ ವೃದ್ಧಾಶ್ರಮಕ್ಕೆ ಸೇರಿಸಿ, ಜಗಲಿಯನ್ನು ಓದುವ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಅವನ ಯೋಚನೆ. ಆಶ್ರಮದವರೊಂದಿಗೆ ಮಾತಾಡಿಯೂ ಆಗಿತ್ತು. ಗುರುಗಳು ಹೂಂ ಎಂದರೆ ಮಾರನೆಯ ದಿನವೇ ಕಳಿಸಿಬಿಡುವವನು.

ಗುರುಗಳು ಹೂಂ ಎನ್ನಲಿಲ್ಲ. ಕೂತುಕೋ ಎಂದರು. ಅವನು ಕೂತ. ಕೂತನೆಂದರೆ ಒಂದು ಮಂಡಿಯನ್ನು ನೆಲಕ್ಕೆ ಊರಿದ. ಇನ್ನೊಂದು ಕಾಲು ಏಳುವುದಕ್ಕೆ ಸಿದ್ಧವಾಗಿಯೇ ಇತ್ತು. ಎರಡೂ ಕಾಲು ಮಡಿಚಿಕೋ, ಮೀನಿನ ಕತೆ ಹೇಳುತ್ತೇನೆ ಎಂದರು ಗುರುಗಳು. ಶಂಭುಲಿಂಗ ಮುಖ ಕಿವುಚಿಕೊಂಡ. ಹೊಸ್ತಿಲ ಒಳಗೆ ಮೀನಿನ ಹೆಸರನ್ನೇ ಎತ್ತದ ಮಠ ಅದು. ತಿಂದರೆ ತಾನೇ ನೇಮ ಕೆಡುವುದು, ಕೇಳಿದರೆ ಕೆಡುವುದಿಲ್ಲ ಎಂದು ನಕ್ಕು, ಗುರುಗಳು ಹೇಳತೊಡಗಿದರು.

ಇಲ್ಲಿಂದ ಬಹಳ ದೂರ, ಉತ್ತರದ ಚಳಿನಾಡಿನಲ್ಲಿ ಒಂದು ಹೊಳೆ. ಬೆಟ್ಟದಲ್ಲಿ ಹುಟ್ಟಿ, ಕಾಡಿನೊಳಗೆ ಹರಿದು, ಸಮುದ್ರ ಸೇರುತ್ತದೆ. ಆ ಹೊಳೆಯಲ್ಲಿ ಸಾಲ್ಮನ್ ಎಂಬ ಮೀನು. ಅದು ಹುಟ್ಟುವುದು ಹೊಳೆಯ ತಲೆಯಲ್ಲಿ. ಮರಿಯಾಗಿ ನೀರಿನೊಂದಿಗೆ ಇಳಿದು ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ತಿಂದು ಬೆಳೆದು, ನಾಲ್ಕನೆಯ ವರ್ಷ, ಎಲೆ ಉದುರುವ ಕಾಲಕ್ಕೆ, ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಬರುತ್ತದೆ. ಸಿಹಿನೀರಿಗೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಬಂಡೆ ಹಾರಿ, ಸೆಳವಿಗೆ ಎದುರಾಗಿ ಈಜಿ, ಹುಟ್ಟಿದ ಜಾಗ ತಲುಪಿ, ಕಲ್ಲುಹರಳಿನ ನಡುವೆ ಮೊಟ್ಟೆಯಿಟ್ಟು ಸಾಯುತ್ತದೆ. ಹೆಣ್ಣೂ ಸಾಯುತ್ತದೆ, ಗಂಡೂ ಸಾಯುತ್ತದೆ. ತನ್ನ ಮರಿಯ ಮುಖ ನೋಡುವ ಭಾಗ್ಯ ಅದಕ್ಕಿಲ್ಲ.

ಆ ಹೊಳೆಯ ದಡದಲ್ಲಿ ಒಂದು ಊರು. ಊರಿನವರಿಗೆ ವರ್ಷದ ಊಟವೆಂದರೆ ಆ ಮೀನೇ. ಹಿಡಿದು, ಸೀಳಿ, ಹೊಗೆಯಲ್ಲಿ ಒಣಗಿಸಿ ಇಟ್ಟುಕೊಂಡರೆ ಹಿಮದ ತಿಂಗಳುಗಳೆಲ್ಲ ಕಳೆಯುತ್ತಿದ್ದವು. ಆದರೆ ಹಿಡಿಯುವುದಕ್ಕೆ ಒಂದು ಕ್ರಮವಿತ್ತು. ಎಲ್ಲಕ್ಕಿಂತ ಮೊದಲು ಬಂದ ಒಂದು ಮೀನನ್ನು ಊರೆಲ್ಲ ಒಂದೊಂದು ತುತ್ತು ಹಂಚಿಕೊಂಡು ತಿಂದು, ಅದರ ಮುಳ್ಳನ್ನು ಮುರಿಯದೆ ಹೊಳೆಗೆ ಬಿಡುವರು. ಆಮೇಲೆ ಒಂಬತ್ತು ದಿನ ಯಾರೂ ಬಲೆ ಹಾಕುವಂತಿಲ್ಲ. ಆ ದಿನಗಳಲ್ಲಿ ಬಂದದ್ದೆಲ್ಲ ಮೇಲಕ್ಕೆ ಹೋಗಬೇಕು. ಹಾಗೆ ಹೋದ ಮೀನು ಮೇಲೆ ಎಲ್ಲಿ ಸತ್ತು ಬಿದ್ದರೂ ಯಾರೂ ಮುಟ್ಟಬಾರದು. ಸತ್ತದ್ದು ಹೊಳೆಯದು ಎನ್ನುವರು.

ಇದನ್ನೆಲ್ಲ ನೋಡಿಕೊಳ್ಳುವುದಕ್ಕೆ ಹೊಳೆಗಾವಲಿನವರೆಂದು ಒಬ್ಬರಿರುತ್ತಿದ್ದರು. ಅವರ ಕೆಲಸ ಏನು ಗೊತ್ತೇ? ಒಂಬತ್ತು ದಿನ ಕಡವಿನ ಬಂಡೆಯ ಮೇಲೆ ಕೈ ಮಡಿಚಿಕೊಂಡು ಕೂರುವುದು. ಬೇರೇನೂ ಇಲ್ಲ. ನಿನಗೆ ಆ ಕೆಲಸ ಕೊಟ್ಟಿದ್ದರೆ ಎರಡನೆಯ ದಿನವೇ ಬಂಡೆಗೆ ಸುಣ್ಣ ಹೊಡೆಸುತ್ತಿದ್ದೆ.

ಗಾವಲು ಒಬ್ಬ ಹೆಂಗಸಿನ ಪಾಲಿಗಿತ್ತು. ಅವಳು ತೀರಿಕೊಂಡ ಮೇಲೆ ಮಗನಿಗೆ ಬಂತು. ಆ ಬೇಸಿಗೆಯಲ್ಲಷ್ಟೇ ತಾಯಿಯನ್ನು ಮಣ್ಣು ಮಾಡಿದ್ದ. ದುಃಖವಿದ್ದವರಿಗೆ ಸುಮ್ಮನೆ ಕೂರು ಎನ್ನುವುದು ಸುಲಭದ ಶಿಕ್ಷೆಯಲ್ಲ. ಅವನು ಬಂಡೆಯ ಮೇಲೆ ಕೂತ, ಎದ್ದ, ಮತ್ತೆ ಕೂತ. ಮೀನು ಸಾಲುಸಾಲಾಗಿ ಅವನ ಕಾಲ ಬುಡದಲ್ಲೇ ಮೇಲಕ್ಕೆ ಹೋಗುತ್ತಿತ್ತು. ಎಲ್ಲಕ್ಕೂ ಎಲ್ಲಿಗೋ ಹೋಗುವ ಅವಸರ. ತಾನೊಬ್ಬ ಮಾತ್ರ ಕಲ್ಲಿನ ಮೇಲೆ ಕಲ್ಲಾಗಿದ್ದೇನೆ ಅನ್ನಿಸಿತು. ಹೇಗೋ ಒಂಬತ್ತು ದಿನ ಮುಗಿಸಿದ. ಹತ್ತನೆಯ ದಿನ, ಊರಿನವರು ಬಲೆ ಇಳಿಸುತ್ತಿದ್ದಾಗ, ಅವನು ಮೀನಿನ ಹಿಂದೆಯೇ ಹೊಳೆಯ ಮೇಲಕ್ಕೆ ನಡೆದ.

ಮೇಲೆ ಅವನು ಕಂಡದ್ದನ್ನು ಊರಿನಲ್ಲಿ ಎಲ್ಲರೂ ಬಲ್ಲರು. ಆದರೆ ತಾಯಿಯನ್ನು ಕಳೆದುಕೊಂಡವನ ಕಣ್ಣು ಬೇರೆ. ದಡದುದ್ದಕ್ಕೂ ಸತ್ತ ಮೀನು. ಮೈ ಹರಿದು, ಬಾಯಿ ತೆರೆದು, ನಾರುತ್ತ ಬಿದ್ದಿದ್ದವು. ಹದ್ದು ಕಣ್ಣು ಕುಕ್ಕಿತ್ತು. ಕರಡಿ ಕಚ್ಚಿಕೊಂಡು ಕಾಡಿನೊಳಗೆ ಒಯ್ದು, ಅರ್ಧ ತಿಂದು, ಅರ್ಧವನ್ನು ಮರದ ಬುಡದಲ್ಲಿ ಬಿಟ್ಟುಹೋಗಿತ್ತು. ಮೊಟ್ಟೆಯಿಟ್ಟ ತಾಯಂದಿರೆಲ್ಲ ಕೊಳೆಯುತ್ತಿದ್ದರು. ನಮಗೆ ಅನ್ನ ಕೊಟ್ಟವರನ್ನು ನಾವು ಹೀಗೆ ಬಿಟ್ಟಿದ್ದೇವಲ್ಲ ಎಂದು ಅವನು ನಾಚಿಕೆಯಿಂದ ಅತ್ತ. ಆ ಅಳು ಸುಳ್ಳಲ್ಲ, ಶಂಭುಲಿಂಗ. ಅದನ್ನು ನೀನು ಕೊನೆಯವರೆಗೂ ನೆನಪಿಟ್ಟುಕೊಳ್ಳಬೇಕು.

ಮಾರನೆಯ ದಿನದಿಂದ ಅವನ ಕೈಗೆ ಬಿಡುವಿಲ್ಲದ ಕೆಲಸ ಸಿಕ್ಕಿತು. ಹೊಳೆಯಿಂದ ದೂರ, ಏನೂ ಬೆಳೆಯದ ಒಂದು ಕಲ್ಲುಗುಡ್ಡದ ಮೇಲೆ ಗುಂಡಿ ತೋಡಿದ. ಸತ್ತ ಮೀನನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ, ಗುಂಡಿಯಲ್ಲಿಟ್ಟು, ಮಣ್ಣು ಮುಚ್ಚಿ, ತಲೆಬಾಗಿ ಬಂದ. ಊರಿನ ಪ್ರಾಯದವರು ಅವನ ಜೊತೆ ಸೇರಿದರು. ಬಲೆ ಕಟ್ಟುವ ಒಬ್ಬ ಮುದುಕಿ ಮಾತ್ರ ಬೇಡವೆಂದಳು. ಸತ್ತದ್ದು ಹೊಳೆಯದು ಅಲ್ಲವೇ ಎಂದಳು. ಯಾಕೆ ಎಂದು ಅವನು ಕೇಳಿದ. ಅವಳಿಗೆ ಗೊತ್ತಿರಲಿಲ್ಲ, ತನ್ನ ಅಜ್ಜಿ ಹೇಳುತ್ತಿದ್ದಳು ಎಂದಷ್ಟೇ ಹೇಳಿದಳು. ಕಾರಣ ಹೇಳಲಾಗದ ಮುದುಕರ ಮಾತಿಗೆ ಎಷ್ಟು ಬೆಲೆ ಸಿಗುತ್ತದೋ ಅಷ್ಟೇ ಸಿಕ್ಕಿತು. ಅವನು ಜಗಳವಾಡಲಿಲ್ಲ. ನಕ್ಕು, ಅವಳ ಬೆನ್ನು ಸವರಿ, ಬುಟ್ಟಿ ಎತ್ತಿಕೊಂಡು ಹೋದ.

ಮುಂದಿನ ವರ್ಷ ಹೊಳೆ ತುಂಬ ಮೀನು ಬಂತು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಒಂದೊಂದು ಕಲ್ಲೂ ಕಾಣುತ್ತಿತ್ತು. ಊರಿನವರು ಅವನ ಬೆನ್ನು ತಟ್ಟಿದರು. ಅದರ ಮರುವರ್ಷವೂ ಬಂತು, ಅದರ ಮರುವರ್ಷವೂ ಬಂತು. ಅವನ ಉತ್ಸಾಹಕ್ಕೆ ಕಡಿವಾಣವೇ ಇಲ್ಲವಾಯಿತು. ಹೊಳೆಗೆ ಅಡ್ಡ ಬಿದ್ದ ಮರಗಳನ್ನು ಹಗ್ಗ ಕಟ್ಟಿ ಎಳೆಸಿದ, ಮೀನಿಗೆ ದಾರಿ ಸಲೀಸಾಗಲಿ ಎಂದು. ತಮಟೆ ಬಡಿಸಿ ಕರಡಿಗಳನ್ನು ಓಡಿಸಿದ, ಸತ್ತವರ ಮೈಗೆ ಯಾರೂ ಬಾಯಿ ಹಾಕದಿರಲಿ ಎಂದು. ಪಕ್ಕದ ಹೊಳೆಯವರು ಬಂದು ನೋಡಿಕೊಂಡು ಹೋದರು. ಮೂರು ವರ್ಷ ಅವನ ತಪ್ಪು ಪುಣ್ಯದ ಕೆಲಸದ ಹಾಗೆಯೇ ಕಾಣಿಸಿತು. ಆ ಮೂರು ವರ್ಷ ಬಂದ ಮೀನು ಅವನು ಗುಂಡಿ ತೋಡುವುದಕ್ಕೆ ಮೊದಲೇ ಹುಟ್ಟಿದ್ದು ಎಂದು ಯಾರಿಗೂ ಹೊಳೆಯಲಿಲ್ಲ.

ನಾಲ್ಕನೆಯ ವರ್ಷ ಮೊದಲ ಮೀನು ತಡವಾಗಿ ಬಂತು. ಒಂಬತ್ತು ದಿನದಲ್ಲಿ ಬಂಡೆಯ ಮುಂದೆ ಹಾದುಹೋದದ್ದು ಬೆರಳೆಣಿಕೆಯಷ್ಟು. ಬಲೆ ಹಗುರವಾಗಿ ಮೇಲೆ ಬಂತು. ಹೊಗೆ ಹಾಕುವ ಕೊಟ್ಟಿಗೆಗಳು ಅರ್ಧವೂ ತುಂಬಲಿಲ್ಲ. ಹಿಮದ ಕೊನೆಯ ತಿಂಗಳಲ್ಲಿ ಊರು ಬೇರು ಬೇಯಿಸಿಕೊಂಡು ತಿಂದಿತು. ಐದನೆಯ ವರ್ಷ ಅದಕ್ಕಿಂತ ಕಡೆ. ಹಿರಿಯರು ಸೇರಿ ಒಂದು ತೀರ್ಮಾನಕ್ಕೆ ಬಂದರು. ಇನ್ನೊಂದು ಎಲೆ ಉದುರುವ ಕಾಲ ನೋಡುವುದು. ಆಗಲೂ ಮೀನು ಬಾರದಿದ್ದರೆ ಊರು ಬಿಡುವುದು, ಬೇರೆ ಹೊಳೆಗಳ ನಂಟರ ಮನೆಗಳಲ್ಲಿ ಹಂಚಿಹೋಗುವುದು. ತಾಯಿಯಿಂದ ಬಂದ ಗಾವಲು ತನ್ನ ಕೈಯಲ್ಲೇ ಮುಗಿಯುವುದೆಂದು ಅವನಿಗೆ ಗೊತ್ತಾಯಿತು. ಅವನಿಗೆ ಊಟ ಸೇರಲಿಲ್ಲ, ಒಂದು ಗಳಿಗೆ ಒಂದು ಕಡೆ ನಿಲ್ಲಲಿಲ್ಲ.

ಅವನು ಸಮುದ್ರದ ಕಡೆ ಓಡಿದ. ಹೊಳೆಯ ಬಾಯಲ್ಲಿ ಇನ್ನೊಂದು ಊರಿತ್ತು. ನೀವೇ ಎಲ್ಲವನ್ನೂ ಅಲ್ಲೇ ಬಾಚಿಕೊಂಡಿದ್ದೀರಿ ಎಂದು ಅವರ ಮೇಲೆ ಕೂಗಾಡಿದ. ಅವರು ತಮ್ಮ ಖಾಲಿ ಕೊಟ್ಟಿಗೆಗಳನ್ನು ತೆರೆದು ತೋರಿಸಿದರು. ತಮ್ಮ ದಡದಲ್ಲೂ ಹಕ್ಕಿ ಕಡಿಮೆಯಾಗಿದೆ, ನೀರುನಾಯಿ ಕಾಣದಾಗಿದೆ ಎಂದರು. ಅವರಲ್ಲಿ ದೋಣಿ ಕಡೆಯುವ ಒಬ್ಬನಿದ್ದ. ಅವನು ಸಿಟ್ಟು ಮಾಡಲಿಲ್ಲ. ಮೊದಲೆಲ್ಲ ಹಿಮ ಕರಗಿದಾಗ ನಿಮ್ಮ ಹೊಳೆ ಮರಿಗಳನ್ನು ಹೊತ್ತು ತರುತ್ತಿತ್ತು, ನೀರಿಗೆ ಕೈಯಿಟ್ಟರೆ ಬೆರಳಿಗೆ ತಾಗುತ್ತಿದ್ದವು, ಈಗ ಬರಿಯ ನೀರು ಬರುತ್ತದೆ ಎಂದ.

ಅವನು ಇಷ್ಟು ವರ್ಷ ಮೇಲಕ್ಕೆ ಹೋಗುವ ಮೀನನ್ನು ನೋಡಿದ್ದ. ಕೆಳಕ್ಕೆ ಇಳಿಯುವ ಮರಿಯನ್ನು ಒಂದು ದಿನವೂ ನೋಡಿರಲಿಲ್ಲ. ಹಿಮ ಕರಗುತ್ತಲೇ ಹೊಳೆಯ ತಲೆಗೆ ಹೋದ. ಮೊಟ್ಟೆ ಒಡೆದು ಮರಿ ಬಂದಿತ್ತು. ಆದರೆ ದಾರದ ಎಳೆಯ ಹಾಗೆ ಸಣಕಲು ಮರಿ. ತೊಳೆದಿಟ್ಟ ನೀರಿನಲ್ಲಿ ಬಾಯಿ ತೆರೆದು ಬಾಯಿ ಮುಚ್ಚುತ್ತಿದ್ದವು. ಬಾಯಿಗೆ ಸಿಗುವಂಥದ್ದು ಏನೂ ಇರಲಿಲ್ಲ. ಕಲ್ಲು ಮಗುಚಿ ನೋಡಿದ. ಒಂದು ಹುಳುವಿಲ್ಲ. ಎರಡು ದಿನ ಹೊಳೆಯಲ್ಲೇ ನಡೆದ. ಎಲ್ಲ ಕಡೆಯೂ ಹಾಗೆಯೇ.

ಮೂರನೆಯ ದಿನ ಒಂದು ತಿರುವಿಗೆ ಬಂದ. ಅಲ್ಲಿ ಬೇರು ಸಹಿತ ಉರುಳಿದ ಒಂದು ಹೆಮ್ಮರ ನೀರಿಗೆ ಅಡ್ಡ ಬಿದ್ದಿತ್ತು. ಎಷ್ಟು ಜನ ಹಗ್ಗ ಹಿಡಿದರೂ ಅಲುಗದೆ ಅವನ ಕೈ ಸೋಲಿಸಿದ್ದ ಮರ. ಅದರ ಬೇರಿನ ಸಂದಿಯಲ್ಲಿ ಹೋದ ವರ್ಷದ ಒಂದು ಮೀನು ಸಿಕ್ಕಿಹಾಕಿಕೊಂಡಿತ್ತು. ಅವನ ಕಣ್ಣು ತಪ್ಪಿದ್ದು. ಕೊಳೆತು ಬರಿಯ ಮುಳ್ಳು ಉಳಿದಿತ್ತು. ಮುಳ್ಳಿನ ತುಂಬ, ಸುತ್ತಲ ಕಲ್ಲುಗಳ ತುಂಬ ನೀರುಹುಳು ಹರಿದಾಡುತ್ತಿದ್ದವು. ಆ ಹುಳುಗಳ ಮೇಲೆ ಮರಿಗಳು ಮುತ್ತಿಕೊಂಡಿದ್ದವು. ದುಂಡುದುಂಡಗಿನ, ಮೈ ಮಿರುಗುವ ಮರಿಗಳು. ಇಡೀ ಹೊಳೆಯಲ್ಲಿ ಹೊಟ್ಟೆ ತುಂಬಿದ ಮರಿ ಅಲ್ಲಿ ಮಾತ್ರ ಇತ್ತು.

ಅವನು ಊರಿಗೆ ಹೋಗಿ ಬಲೆ ಕಟ್ಟುವ ಮುದುಕಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದ. ಯಾಕೆ ಎಂದು ಅವನಿಗೇ ತಿಳಿಯದು. ತೋರಿಸಲು ಬೇರೆ ಯಾರೂ ನೆನಪಾಗಲಿಲ್ಲ. ಅವಳು ಬಹಳ ಹೊತ್ತು ಬಗ್ಗಿ ನೋಡಿದಳು.

“ಇದಾ ಕಾರಣ,” ಎಂದಳು. “ತಾಯಿ ಮಕ್ಕಳಿಗೆ ಅಂತ ತನ್ನ ಮೈಯನ್ನೇ ಬಡಿಸಿಟ್ಟು ಹೋಗಿದ್ದಳಪ್ಪ. ಮಕ್ಕಳು ಉಣ್ಣೋಕೆ ಮುಂಚೆ ನೀನು ಎಲೆ ಎತ್ತಿಬಿಟ್ಟೆ.”

ಆ ನಾಡಿನಲ್ಲಿ ಊಟಕ್ಕೆ ಎಲೆ ಹಾಕುವುದಿಲ್ಲ. ಅವಳು ತನ್ನ ಮಾತಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಿದ್ದೇನೆ. ಅವನಿಗೆ ತಗಲಿದ್ದು ಮಾತ್ರ ಇಷ್ಟೇ ಜೋರಾಗಿ. ಅಲ್ಲಿಂದ ಅವನು ಕಲ್ಲುಗುಡ್ಡಕ್ಕೆ ಹೋದ. ಏನೂ ಬೆಳೆಯದ ಗುಡ್ಡದ ಮೇಲೆ, ಗುಂಡಿ ತೋಡಿದ ಕಡೆಯಲ್ಲೆಲ್ಲ, ಅವನು ತುಳಿದು ಓಡಾಡಿಯೂ ಗಮನಿಸದ ಹುಲ್ಲು ದಟ್ಟವಾಗಿ ಬೆಳೆದಿತ್ತು. ಹೊಳೆದಡದಲ್ಲಾದರೋ ಕರಡಿ ಎಂಜಲು ಬಿಡುತ್ತಿದ್ದ ಮರಗಳ ಬುಡದಲ್ಲಿ ಗಿಡಗಳು ಹಳದಿಯಾಗಿದ್ದವು, ಹಣ್ಣಿನ ಪೊದೆಗಳು ಬರಿದಾಗಿದ್ದವು. ಸಮುದ್ರದಲ್ಲಿ ಉಂಡದ್ದನ್ನು ಆ ಮೀನು ಮೈಯಲ್ಲಿ ಹೊತ್ತು ಬೆಟ್ಟಕ್ಕೆ ತರುತ್ತಿತ್ತು. ಮರಿ ಉಣ್ಣುತ್ತಿತ್ತು, ಹುಳು ಉಣ್ಣುತ್ತಿತ್ತು, ಹದ್ದು, ಕರಡಿ, ಮರ ಎಲ್ಲವೂ ಉಣ್ಣುತ್ತಿದ್ದವು. ಮರ ಕೊಟ್ಟ ನೆರಳಿನಲ್ಲಿ ಮುಂದಿನ ಮೊಟ್ಟೆಗಳು ತಣ್ಣಗಿರುತ್ತಿದ್ದವು. ಅಷ್ಟೂ ಊಟವನ್ನು ಅವನು ಐದು ವರ್ಷ, ಕೈಮುಗಿದುಕೊಂಡು, ಕಲ್ಲಿಗೆ ಹಾಕಿದ್ದ. ಅವನು ಆ ಹುಲ್ಲಿನ ನಡುವೆ ಕೂತು ಅತ್ತ. ಐದು ವರ್ಷದ ಹಿಂದೆ ಅತ್ತದ್ದಕ್ಕಿಂತ ಇದು ಕಷ್ಟದ ಅಳು.

ಆ ವರ್ಷ ಎಲೆ ಉದುರುವ ಕಾಲಕ್ಕೆ ಕೆಲವೇ ಮೀನು ಬಂದವು. ಊರು ಹಸಿದಿತ್ತು. ಬಂದಷ್ಟನ್ನಾದರೂ ಹಿಡಿದುಕೊಂಡು ಹೊರಡೋಣ ಎಂದರು. ಅವನು ಎಲ್ಲರ ಮುಂದೆ ತನ್ನ ತಪ್ಪನ್ನು ಹೇಳಿಕೊಂಡ. ಈ ಸಲ ಮೊದಲ ಮೀನನ್ನೂ ಎತ್ತುವುದು ಬೇಡ, ಒಂಬತ್ತು ದಿನವಲ್ಲ, ಹಿಮ ಬೀಳುವ ತನಕ ಬಲೆ ಬೇಡ, ನಾಲ್ಕು ವರ್ಷ ಹೀಗೆಯೇ ನಡೆಯಲಿ ಎಂದು ಬೇಡಿಕೊಂಡ. ಯಾರು ಕೇಳುತ್ತಾರೆ? ಹೊಳೆ ಹಾಳು ಮಾಡಿದವನು ನೀನು, ಈಗ ಕೂತು ನೋಡು ಅನ್ನುವವನೂ ನೀನೇ ಎಂದು ಬೈದರು. ಅರ್ಧ ಊರು ಗಂಟುಮೂಟೆ ಕಟ್ಟಿತು. ಮುದುಕಿ ಮಾತ್ರ ತನ್ನ ಬಲೆಯನ್ನು ತಂದು ಅವನ ಬಂಡೆಯ ಪಕ್ಕದಲ್ಲಿ ಮಡಿಚಿಟ್ಟಳು. ಅದನ್ನು ನೋಡಿ ಉಳಿದರ್ಧ ಊರೂ ತಂದಿಟ್ಟಿತು. ಆ ನಾಲ್ಕು ವರ್ಷ ಅವರು ಬೇರು ಬೇಯಿಸಿಕೊಂಡು, ಬೇರೆ ಹೊಳೆಗಳ ನಂಟರು ಕೊಟ್ಟದ್ದನ್ನು ತಿಂದು ದಿನ ತಳ್ಳಿದರು.

ಅವನು ಬಂಡೆಯ ಮೇಲೆ ಕೂತ. ಮೇಲೆ ಮೀನು ಸತ್ತವು. ನಾತ ಊರಿನವರೆಗೂ ಬಂತು. ಕರಡಿ ಬಂತು, ಹದ್ದು ಬಂತು. ಎದ್ದು ಹೋಗಿ ಏನಾದರೂ ಮಾಡಬೇಕೆಂದು ಅವನ ಕೈ ತುರಿಸುತ್ತಿತ್ತು. ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡ. ಗುಂಡಿ ತೋಡುವಾಗ ಹೊಗಳಿದ್ದ ಜನ, ಸುಮ್ಮನೆ ಕೂತವನನ್ನು ಸೋಮಾರಿ ಎಂದರು. ಕೂರುವುದು ಎಷ್ಟು ದೊಡ್ಡ ಕೆಲಸವೆಂದು ಅವನಿಗೆ ಆಗ ಗೊತ್ತಾಯಿತು. ತಾಯಿ ಅಷ್ಟು ವರ್ಷ ಅಲ್ಲಿ ಕೂತು ಏನು ಮಾಡುತ್ತಿದ್ದಳು ಎಂಬುದೂ ಗೊತ್ತಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಂಭುಲಿಂಗ ಸುಮ್ಮನಿರಲಾರದೆ, ನಾಲ್ಕು ವರ್ಷದ ಮೇಲೆ ಮೀನು ಬಂತೇ ಎಂದು ಕೇಳಿದ. ಬಂತು ಎಂದರು ಗುರುಗಳು. ಮೊದಲಿನಷ್ಟಲ್ಲ, ಹೊಳೆ ಸದ್ದು ಮಾಡುವಷ್ಟು ಬಂತು. ಊರು ಬಿಟ್ಟವರಲ್ಲಿ ಕೆಲವರು ಹಿಂದಿರುಗಿದರು. ಅದನ್ನು ನೋಡುವುದಕ್ಕೆ ಮುದುಕಿ ಇರಲಿಲ್ಲ.

ಶಂಭುಲಿಂಗ ತಲೆ ತಗ್ಗಿಸಿ ಕೂತ. ಆದರೆ ಅವನ ಸ್ವಭಾವ ಬಿಡಲಿಲ್ಲ. ಕತೆ ಚೆನ್ನಾಗಿದೆ, ಮೀನಿನ ಮಟ್ಟಿಗೆ ಒಪ್ಪಿದೆ ಎಂದ. ಸತ್ತ ಮೀನು ಮರಿಗೆ ಊಟವಾಯಿತು, ಮರಕ್ಕೆ ಗೊಬ್ಬರವಾಯಿತು. ಅದನ್ನು ಕಣ್ಣಿನಿಂದ ನೋಡಬಹುದು.

“ಆದರೆ ಬುದ್ಧಿ, ನಮ್ಮ ಜಗಲಿಯ ಐವರು ಇಷ್ಟು ವರ್ಷದಲ್ಲಿ ಮಠಕ್ಕೆ ಏನು ಕೊಟ್ಟಿದ್ದಾರೆ? ಒಂದೇ ಒಂದನ್ನು ಹೇಳಿ, ನಾನು ಈ ಮಾತನ್ನು ಇಲ್ಲಿಗೇ ಬಿಟ್ಟುಬಿಡುತ್ತೇನೆ.”

ಗುರುಗಳು ಹೇಳಿದರು: “ಹಡಗಿನಲ್ಲಿ ದುಡಿದು ಆ ಹೊಳೆಯನ್ನು ಕಣ್ಣಾರೆ ಕಂಡು ಬಂದವನು ಆ ಐವರಲ್ಲಿ ಒಬ್ಬ, ನೀನು ಈಗ ಕೇಳಿದ ಕತೆ ಅವನು ಕೊಟ್ಟದ್ದು.”